ಬೂಟುಗಳ ಕೆಳಗಿನಿಂದ ಕೂಗಿದ್ದು

ನಾನು ಒಂದು ಎಚ್ಚರಿಕೆಯ ಪೆಟ್ಟಿಗೆ. ವಿಮಾನವು ಅಪಾಯವಾಗುವಷ್ಟು ನೆಲದ ಹತ್ತಿರ ಬಂದರೆ ಕೂಗಿ ಪೈಲಟ್‌ಗಳನ್ನು ಎಚ್ಚರಿಸುವುದು ನನ್ನ ಕಸುಬು. ದೂರ ದೇಶದ ಕಾರ್ಖಾನೆಯೊಂದರಲ್ಲಿ, ಧೂಳು ನುಸುಳದ ಕೋಣೆಯಲ್ಲಿ, ಬಿಳಿ ಟೋಪಿ ಹಾಕಿದ ಹೆಂಗಸರು ನನ್ನನ್ನು ಜೋಡಿಸಿದರು. ಹೊಟ್ಟೆಗೆ ಲೋಕದ ಬೆಟ್ಟಗುಡ್ಡಗಳ ನಕ್ಷೆ ತುಂಬಿದರು. ಬಾಯಿಗೆ ಹತ್ತಿಪ್ಪತ್ತು ಇಂಗ್ಲಿಷ್ ಮಾತು ಕೊಟ್ಟರು. ಅಷ್ಟೇ ಮಾತಿನಲ್ಲಿ ಸುಳ್ಳು ಹೇಳಲು ಜಾಗವಿಲ್ಲ. ಮನುಷ್ಯರಿಗೆ ಲಕ್ಷ ಮಾತು ಸಿಕ್ಕಿದೆ. ಅದರಿಂದ ಏನು ಉಪಕಾರವಾಗಿದೆಯೋ ನಾನಂತೂ ಕಾಣೆ.

ಕಾಕ್‌ಪಿಟ್ಟಿನ ನೆಲದ ಅಡಿಯಲ್ಲಿ ಒಂದು ಕತ್ತಲ ಗೂಡಿದೆ. ನನ್ನನ್ನು ಕೂರಿಸಿದ್ದು ಅಲ್ಲಿ. ಹೀಗಾಗಿ ದೊಡ್ಡ ದೊಡ್ಡ ಕ್ಯಾಪ್ಟನ್‌ಗಳೆಲ್ಲ ನನಗೆ ಪರಿಚಯವಾದದ್ದು ಬೂಟಿನ ಕಡೆಯಿಂದ. ಮೊದಲ ಒಂಬತ್ತು ವರ್ಷ ಪರದೇಶದ ಕಂಪನಿಯೊಂದರಲ್ಲಿ ದುಡಿದೆ. ಅಲ್ಲಿಯವರು ನಾನು ಕೂಗಿದ ಕೂಡಲೇ ಕೇಳುತ್ತಿದ್ದರು. ಗೌರವದಿಂದಲ್ಲ, ಕೇಳದಿದ್ದರೆ ಕೆಲಸ ಹೋಗುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು. ಆಮೇಲೆ ವಿಮಾನವನ್ನು ನಿಮ್ಮ ಕಡೆಯ ಕಂಪನಿಯೊಂದು ಕೊಂಡಿತು. ವಿಮಾನದ ಜೊತೆ ನಾನೂ ಬಂದೆ.

ಇಲ್ಲಿ ನನಗೆ ಗಂಟುಬಿದ್ದವರು ಕ್ಯಾಪ್ಟನ್ ಉದಯಶಂಕರ ಬಲ್ಲಾಳರು. ಕರಾವಳಿಯವರು. ಹದಿನೆಂಟು ಸಾವಿರ ಗಂಟೆ ಹಾರಿದವರು ಎಂಬುದನ್ನು ಅವರ ಬಾಯಲ್ಲಿ ಕೇಳದವರು ಆ ಕಂಪನಿಯಲ್ಲಿ ಇರಲಿಲ್ಲ; ಚಹಾ ತಂದುಕೊಡುವ ಹುಡುಗಿಗೂ ಗೊತ್ತಿತ್ತು. ನನಗೆ ಅವರು ಇಟ್ಟ ಹೆಸರು ‘ಅತ್ತೆ’. ನಾನು ಕೂಗಿದಾಗಲೆಲ್ಲ “ಅತ್ತೆಯ ಪಿರಿಪಿರಿ ಶುರುವಾಯ್ತು” ಎನ್ನುವರು. ಪಕ್ಕದಲ್ಲಿ ಕೂತ ಸಹಪೈಲಟ್‌ಗಳು ನಗುವರು. ಕ್ಯಾಪ್ಟನ್ ನಗಿಸಿದಾಗ ನಗದೆ ಇದ್ದರೆ ಅವರ ಬಡ್ತಿಗೆ ಸಹಿ ಹಾಕುವವರು ಯಾರು?

ನಗದೆ ಇದ್ದವಳು ಒಬ್ಬಳೇ, ಶಾರ್ವರಿ ಕಲ್ಮಠ. ಧಾರವಾಡದ ಕಡೆಯವಳು, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು.

ಅದು ಜುಲೈ ತಿಂಗಳ ಒಂದು ಬೆಳಿಗ್ಗೆ. ಬಲ್ಲಾಳರೂ ಶಾರ್ವರಿಯೂ ನೂರ ಮೂವತ್ತೇಳು ಜನರನ್ನು ಕರಾವಳಿಗೆ ಕರೆದೊಯ್ಯುತ್ತಿದ್ದರು. ಅಲ್ಲಿನ ನಿಲ್ದಾಣ ಗುಡ್ಡದ ಮೇಲಿದೆ. ಮೋಡ ಗುಡ್ಡದ ತಲೆಯ ಮೇಲೇ ಕೂತಿತ್ತು. ಇಂಥ ಹೊತ್ತಿಗೆಂದೇ ರನ್‌ವೇಯ ಪಕ್ಕದಿಂದ ಆಕಾಶಕ್ಕೆ ಓರೆಯಾಗಿ ಒಂದು ರೇಡಿಯೋ ದಾರಿ ಹಾಸಿರುತ್ತಾರೆ. ಕಣ್ಣಿಗೆ ಕಾಣದು, ಎದುರಿನ ಮೀಟರಿನ ಮುಳ್ಳು ನೋಡಿಕೊಂಡು ಅದೇ ಇಳಿಜಾರಿನಲ್ಲಿ ಇಳಿಯಬೇಕು. ಗೊತ್ತುಪಡಿಸಿದ ಎತ್ತರಕ್ಕೆ ಬಂದರೂ ರನ್‌ವೇ ಕಾಣದಿದ್ದರೆ ಮತ್ತೆ ಮೇಲೇರಬೇಕು. ಶಾಲೆಯ ಮಗುವಿಗೂ ತಿಳಿಯುವ ನಿಯಮ.

ಐನೂರು ಅಡಿಯಲ್ಲಿ ಮೋಡ ತುಸು ಹರಿಯಿತು. ಬಲ್ಲಾಳರು ವಿಮಾನದ ಮೂತಿ ತಗ್ಗಿಸಿದರು.

“ಸರ, ದಾರಿಗಿಂತ ಕೆಳಗ ಹೊಂಟೀವ್ರಿ,” ಎಂದಳು ಶಾರ್ವರಿ.

“ಎಂತ ಮಾರಾಯ್ತಿ, ರನ್‌ವೇ ಅಗೋ ಕಾಣ್ತದಲ್ಲ!”

“ನನಗ ಕಾಣವಲ್ದು, ಸರ.”

“ನಾನು ಇದೇ ಊರಿನವ. ನನಗೆ ದಾರಿ ಹೇಳ್ಬೇಡ.”

‘ಗ್ಲೈಡ್ ಸ್ಲೋಪ್’ ಎಂದು ಕೂಗಿದೆ. ದಾರಿಗಿಂತ ಕೆಳಗಿದ್ದೀರಿ ಎಂದು ಅದರ ಅರ್ಥ. ಮತ್ತೆ ಕೂಗಿದೆ. ಏಳು ಸಲ ಕೂಗಿದೆ. “ಇದರ ಬೊಬ್ಬೆ ಒಂದು!” ಎಂದು ಬಲ್ಲಾಳರು ಕೈಚಾಚಿ, ನನ್ನ ಆ ಮಾತನ್ನು ಅಡಗಿಸುವ ಗುಂಡಿ ಒತ್ತಿದರು.

ಪಾಪ, ಆ ಗುಂಡಿ ಅಡಗಿಸುವುದು ಆ ಒಂದು ಮಾತನ್ನು ಮಾತ್ರ. ಉಳಿದವು ನನ್ನ ಬಾಯಲ್ಲೇ ಇದ್ದವು. ‘ಪುಲ್ ಅಪ್’, ಮೂತಿ ಮೇಲೆತ್ತಿ, ಎಂದು ಅರಚಿದೆ.

“ಗೋ ಅರೌಂಡ್, ಸರ! ಮ್ಯಾಲೆ ಹೋಗೂಣು!” ಎಂದಳು ಶಾರ್ವರಿ. ಉತ್ತರವಿಲ್ಲ. ಇನ್ನೊಮ್ಮೆ ಹೇಳಿದಳು. ಆಗಲೂ ಇಲ್ಲ. ಎರಡು ಸಲ ಹೇಳಿದರೂ ಕ್ಯಾಪ್ಟನ್ ಮಾತಾಡದಿದ್ದರೆ ವಿಮಾನ ಕೈಗೆ ತೆಗೆದುಕೊಳ್ಳಬೇಕೆಂದು ನಿಯಮವಿದೆ. ನಿಯಮ ಪುಸ್ತಕದಲ್ಲಿರುತ್ತದೆ, ಹದಿನೆಂಟು ಸಾವಿರ ಗಂಟೆ ಪಕ್ಕದ ಸೀಟಿನಲ್ಲಿರುತ್ತದೆ. ಒಂದು ಕ್ಷಣ ಅವಳು ತಡಮಾಡಿದಳು. ಆ ಕ್ಷಣವನ್ನೂ ನಾನು ಎಣಿಸಿದ್ದೇನೆ.

“ನನ್ನ ಕಂಟ್ರೋಲ್!” ಎಂದು ಕೂಗಿ ಎಂಜಿನ್‌ಗಳಿಗೆ ಪೂರ್ತಿ ಬಲ ಕೊಟ್ಟಳು. ಮೂತಿ ಎದ್ದಿತು. ನೆಲಕ್ಕೂ ನಮಗೂ ಉಳಿದದ್ದು ತೊಂಬತ್ತನಾಲ್ಕು ಅಡಿ. ಕೆಳಗೆ ಹೊಳೆಯುತ್ತಿದ್ದದ್ದು ರನ್‌ವೇ ಅಲ್ಲ, ಕೆಂಪುಕಲ್ಲು ಕಡಿದ ಕೋರೆಯ ಮಳೆನೀರು ತುಂಬಿದ ಹೊಂಡ.

ಮೋಡದ ಮೇಲೆ ಬಂದ ಮೇಲೆ ಬಲ್ಲಾಳರಿಗೆ ಬಾಯಿ ಬಂತು. “ನನ್ನ ಕೈಯಿಂದ ವಿಮಾನ ಕಸಿದುಕೊಂಡೆಯಲ್ಲ? ನೋಡಿಕೊಳ್ತೇನೆ ನಿನ್ನನ್ನು.”

“ನೋಡ್ಕೊಳ್ರಿ, ಸರ. ನೋಡ್ಕೊಳ್ಳಾಕ ಉಳದೀವಲ್ಲ, ಸಾಕು,” ಎಂದಳು.

ಗುಡ್ಡದ ಮೇಲಿನ ಮೋಡ ಸರಿಯಲಿಲ್ಲ, ಬೆಂಗಳೂರಿಗೆ ಹೋಗಿ ಇಳಿದೆವು. ಜೀವ ಉಳಿದ ನೂರ ಮೂವತ್ತೇಳು ಜನ ಏನು ಮಾಡಿದರು ಎಂದು ಕೇಳುತ್ತೀರಾ? ಬಾಗಿಲಲ್ಲಿ ನಿಂತಿದ್ದ ಶಾರ್ವರಿಗೆ ಬೈದರು. “ಮುಹೂರ್ತ ತಪ್ಪಿಹೋಯ್ತು! ಇಳಿಸ್ಲಿಕ್ಕೆ ಬರದವರನ್ನು ಯಾಕೆ ಇಟ್ಕೊಳ್ತಾರೆ?” ಎಂದು ಒಬ್ಬ ಕಿರುಚಿದ್ದು ನನ್ನ ಗೂಡಿಗೂ ಕೇಳಿಸಿತು. ಅವಳು ಕ್ಷಮೆ ಕೇಳಿದಳು.

ಬಲ್ಲಾಳರು ಲಾಗ್ ಪುಸ್ತಕದಲ್ಲಿ ಬರೆದರು: ‘ಯಂತ್ರ ಕೆಟ್ಟಿದೆ, ಸುಳ್ಳು ಎಚ್ಚರಿಕೆ ಕೊಡುತ್ತಿದೆ. ಸಹಪೈಲಟ್ ಹೆದರಿದಳು.’ ಕಂಪನಿಗೆ ಈ ಕಥೆ ಬಹಳ ರುಚಿಸಿತು. ಶಾರ್ವರಿಯನ್ನು ಹಾರಾಟದಿಂದ ಬಿಡಿಸಿ ಮನೆಯಲ್ಲಿ ಕೂರಿಸಿದರು. ನನ್ನನ್ನು ಬಿಚ್ಚಿ ವರ್ಕ್‌ಶಾಪಿಗೆ ಕಳಿಸಿದರು.

ಅಲ್ಲಿ ಮೊಂತೇರೊ ಎಂಬ ಮೆಕ್ಯಾನಿಕ್ ಎರಡು ದಿನ ನನ್ನ ಮುಂದೆ ಕೂತು, ನನ್ನ ನೆನಪಿನಲ್ಲಿದ್ದದ್ದನ್ನೆಲ್ಲ ಓದಿದ. ನಡುವೆ ಮ್ಯಾನೇಜರನ ಫೋನು ಬಂತು. “ಪೆಟ್ಟಿಗೆ ಕೆಟ್ಟಿದೆ ಅಂತ ಬರೆದುಬಿಡಿ ಮೊಂತೇರೊ, ಮುಗಿದುಹೋಗ್ಲಿ.”

“ಕೆಟ್ಟಿಲ್ಲ, ಸರ್.”

“ಬರೆದ್ರೆ ನಿಮ್ಮ ಗಂಟೇನು ಹೋಗುತ್ತೆ?”

“ನನ್ನ ಹೆಂಡತಿ ಮಕ್ಕಳು ಊರಿಗೆ ಹೋಗ್ಲಿಕ್ಕೆ ಇದೇ ವಿಮಾನ ಹತ್ತುವುದು, ಸರ್,” ಎಂದು ಅವನು ಫೋನು ಇಟ್ಟ. ಏಳು ಸಲ ‘ಗ್ಲೈಡ್ ಸ್ಲೋಪ್’, ಒಮ್ಮೆ ಒತ್ತಿದ ಗುಂಡಿ, ಆಮೇಲೆ ‘ಪುಲ್ ಅಪ್’, ತೊಂಬತ್ತನಾಲ್ಕು ಅಡಿ, ಯಂತ್ರದಲ್ಲಿ ದೋಷವಿಲ್ಲ ಎಂದು ಬರೆದು ಸಹಿ ಹಾಕಿದ.

ಐದು ವಾರದ ಮೇಲೆ ಶಾರ್ವರಿಯನ್ನು ಕೆಲಸಕ್ಕೆ ಕರೆದರು, ಒಂದು ಸಾಲಿನ ಪತ್ರ ಕಳಿಸಿ. ಬಲ್ಲಾಳರನ್ನು ಮನೆಗೆ ಕಳಿಸಿದರು, ಶಾಲು ಹೊದಿಸಿ ಹಾರ ಹಾಕಿ.

ನಾನು ಮತ್ತೆ ಆರು ವರ್ಷ ಹಾರಿದೆ. ಹೊಸ ಮಾದರಿಯ ಪೆಟ್ಟಿಗೆ ಬಂದ ಮೇಲೆ ನನ್ನನ್ನು ತೆಗೆದು ಪೈಲಟ್ ತರಬೇತಿ ಶಾಲೆಯ ಗಾಜಿನ ಬೀರುವಿನಲ್ಲಿಟ್ಟರು. ಕರೆಂಟಿಲ್ಲ, ಆದ್ದರಿಂದ ಮಾತಿಲ್ಲ. ಶಾರ್ವರಿ ಈಗ ಅಲ್ಲಿ ಪಾಠ ಹೇಳುವ ಕ್ಯಾಪ್ಟನ್.

ಹೋದ ತಿಂಗಳು ಸುರಕ್ಷತಾ ದಿನದ ಮುಖ್ಯ ಅತಿಥಿಯಾಗಿ ಬಲ್ಲಾಳರೇ ಬಂದಿದ್ದರು. ಬೀರುವಿನ ಮೇಲೆ ಕೈಯಿಟ್ಟು, “ಅವತ್ತು ಈ ಪುಣ್ಯಾತ್ಮ ಪೆಟ್ಟಿಗೆ ಕೂಗಿತು. ನಾನು ಒಂದು ಕ್ಷಣವೂ ತಡಮಾಡದೆ ವಿಮಾನ ಏರಿಸಿದೆ,” ಎಂದರು. ಭರ್ಜರಿ ಚಪ್ಪಾಳೆ. ಶಾರ್ವರಿ ಹಿಂದಿನ ಸಾಲಿನಲ್ಲಿ ಕೂತಿದ್ದಳು.

ಬಲ್ಲಾಳರು ಹೊರಗೆ ಹೋದ ಮೇಲೆ ತರಬೇತಿಗೆ ಬಂದ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮೇಡಂ, ಅವರು ಹೇಳಿದ್ದು ನಿಜಾನಾ?”

“ಅವರ ಮಾತು ಬಿಡ್ರಿ,” ಎಂದಳು ಶಾರ್ವರಿ. “ಪೆಟ್ಟಿಗಿ ಕೂಗಿದ್ರ ಮೊದಲ ಏರ್ರಿ. ಬೈಯೂದಿದ್ರ ಮ್ಯಾಲೆ ಹೋಗಿ ಬೈರಿ. ಪಕ್ಕದಾಂವ ಏರಲಿಲ್ಲಂದ್ರ ನೀವು ಏರಸ್ರಿ. ನಾನು ಅವತ್ತ ಒಂದು ಕ್ಷಣ ತಡದೆ. ನೀವು ಅಷ್ಟೂ ತಡೀಬ್ಯಾಡ್ರಿ.”

ತರಗತಿಯಲ್ಲಿ ಇಪ್ಪತ್ತಾರು ಜನ. ಅದನ್ನು ಬರೆದುಕೊಂಡವರು ನಾಲ್ವರು. ಉಳಿದವರು ಬಲ್ಲಾಳರ ಜೊತೆ ಫೋಟೊ ತೆಗೆಸಿಕೊಳ್ಳಲು ಆಗಲೇ ಅಂಗಳಕ್ಕೆ ಓಡಿದ್ದರು. ಮನುಷ್ಯರ ಮೇಲೆ ನನಗೆ ಇದಕ್ಕಿಂತ ಹೆಚ್ಚಿನ ಆಸೆ ಎಂದೂ ಇರಲಿಲ್ಲ. ಆದರೆ ಒಂದು ಕಾಕ್‌ಪಿಟ್ಟಿನಲ್ಲಿ ಕೂರುವವರು ಇಬ್ಬರು. ಅವರಲ್ಲಿ ಒಬ್ಬರಿಗೆ ಕಿವಿಯಿದ್ದರೂ ವಿಮಾನ ಉಳಿಯುತ್ತದೆ.