ಬದಲಿ ಡ್ರೈವರ್

ನನ್ನ ತಮ್ಮ ಮಾರುತೇಶ ಮೈಕು ಹಿಡಿದರೆ ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಯಶವಂತನಗರದ ತಗಡಿನ ಪ್ರಾರ್ಥನಾ ಮಂದಿರದಲ್ಲಿ ಆ ಭಾನುವಾರ ಅವನು ಬಿಳಿ ಅಂಗಿ ಇನ್‌ಶರ್ಟ್ ಮಾಡಿಕೊಂಡು, ಕಣ್ಣು ಮುಚ್ಚಿ ಸಾಕ್ಷಿ ಹೇಳುತ್ತಿದ್ದ. ದೇವರು ತನ್ನನ್ನು ಹೇಗೆ ಬದಲಾಯಿಸಿದ ಎಂದು ಸಭೆಯ ಮುಂದೆ ಹೇಳಿಕೊಳ್ಳುವುದಕ್ಕೆ ಅವರು ಸಾಕ್ಷಿ ಎನ್ನುತ್ತಾರೆ. ಕೋರ್ಟಿನಲ್ಲಿ ಹೇಳಬೇಕಾಗಿದ್ದಾಗ ಇವನ ನಾಲಿಗೆ ಬಿದ್ದುಹೋಗಿತ್ತು.

“ನಾ ಕುಡದು ಲಾರಿ ಹೊಡಿತಿದ್ದೆ. ನನ್ನ ಕೈಯಾಗ ಒಂದು ಜೀವ ಹೋಗೇತಿ. ನನಗ ಆಗಬೇಕಾದ ಶಿಕ್ಷಾ ಇನ್ನೊಬ್ಬ ಅನುಭವಿಸಿದ. ನಾ ಬಿಡುಗಡೆ ಆದೆ,” ಎಂದ.

ಜನ ಕೈ ಮೇಲೆತ್ತಿ ಸ್ತೋತ್ರ, ಸ್ತೋತ್ರ ಎಂದರು. ಮುಂದಿನ ಸಾಲಿನಲ್ಲಿ ನನ್ನ ತಾಯಿ ಗಾಳೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಇನ್ನೊಬ್ಬ ಎಂದರೆ ಯೇಸು ಎಂದು ಸಭೆಯವರೆಲ್ಲ ತಿಳಿದಿದ್ದರು. ಹಿಂದಿನ ಸಾಲಿನಲ್ಲಿ ಹಲ್ಲು ಕಚ್ಚಿ ಕೂತ ನನಗೆ ಆ ಇನ್ನೊಬ್ಬನ ಹೆಸರು, ಅವನ ಅಂಗಿಯ ಅಳತೆ, ಅವನಿಗೆ ಎಷ್ಟು ಖಾರ ಬೇಕು ಎಲ್ಲಾ ಗೊತ್ತಿತ್ತು. ಅವನು ನನ್ನ ಗಂಡ ಯಲ್ಲೇಶ. ಬಳ್ಳಾರಿ ಜೈಲಿನಲ್ಲಿದ್ದಾನೆ.

ನಮ್ಮ ಕಡೆ ಅದಿರು ಲಾರಿಯವರಲ್ಲಿ ಒಂದು ರೂಢಿ ಇದೆ. ಆಕ್ಸಿಡೆಂಟ್ ಮಾಡಿದವನು ಕುಡಿದಿದ್ದರೆ, ಇಲ್ಲವೇ ಅವನ ಲೈಸೆನ್ಸು ಸರಿಯಿಲ್ಲದಿದ್ದರೆ, ಅವನನ್ನು ಮರೆಮಾಡಿ ಇನ್ನೊಬ್ಬ ಡ್ರೈವರನ್ನು ಠಾಣೆಗೆ ಕಳಿಸುತ್ತಾರೆ. ಬದಲಿ ಡ್ರೈವರ್ ಎನ್ನುತ್ತಾರೆ. ಮರುದಿನವೇ ಜಾಮೀನು ಸಿಗುತ್ತದೆ, ಕೇಸು ಎಳೆದಾಡಿ ಎಳೆದಾಡಿ ಒಂದು ದಿನ ಬಿದ್ದುಹೋಗುತ್ತದೆ ಎಂದು ನಂಬಿಸುತ್ತಾರೆ. ನಾಲ್ಕು ವರ್ಷದ ಹಿಂದೆ ಮಾರುತೇಶ ವಡ್ಡು ಊರಿನ ಜಡೆಪ್ಪನವರ ಟಿವಿಎಸ್ ಗಾಡಿಗೆ ಲಾರಿ ಗುದ್ದಿ ಓಡಿಬಂದು, ನಮ್ಮ ಮನೆಯ ಜೋಳದ ಚೀಲಗಳ ಹಿಂದೆ ಅವಿತು ಕೂತ. ಲಾರಿ ಮಾಲೀಕನ ಕಡೆಯವನು ಬೆನ್ನಿಗೇ ಬಂದು, ಲಾರಿ ಡ್ರೈವರೇ ಆಗಿದ್ದ ಯಲ್ಲೇಶನ ಲೈಸೆನ್ಸು ಕೇಳಿದ. ಆಗುವುದಿಲ್ಲ ಎಂದ ಯಲ್ಲೇಶ. ಆಗ ನನ್ನ ತಾಯಿ ಅಳಿಯನ ಕಾಲಿಗೆ ಬಿದ್ದಳು. ಅಳಿಯನ ಎದುರಿಗೆ ನಿಂತು ಮಾತಾಡಲೂ ನಾಚುತ್ತಿದ್ದ ಹೆಂಗಸು ಅವನ ಪಾದ ಹಿಡಿದು ಬಿಡಲೇ ಇಲ್ಲ. ಅತ್ತೆಯನ್ನು ಕಾಲಿಗೆ ಬೀಳಿಸಿಕೊಂಡ ಮೇಲೆ ಮರ್ಯಾದಸ್ಥ ಏನು ಮಾಡಬೇಕು? ಅವನು ಗೂಟದ ಮೇಲಿನ ಅಂಗಿ ತೆಗೆದುಕೊಂಡು ಹೊರಟ.

ಜಾಮೀನು ಸಿಕ್ಕಿತು, ಕೇಸು ಬೀಳಲಿಲ್ಲ. ಲಾರಿ ಓಡಿಸಿದ್ದು ನಾನೇ ಎಂಬ ಮಾತಿಗೆ ಯಲ್ಲೇಶ ಅಂಟಿಕೊಂಡ. ಶಿಕ್ಷೆಯಾಯಿತು, ಮೇಲಿನ ಕೋರ್ಟಿನಲ್ಲೂ ಅದೇ ಗಟ್ಟಿಯಾಯಿತು, ಲೈಸೆನ್ಸೂ ಹೋಯಿತು. ಸ್ಟೇರಿಂಗ್ ಬಿಟ್ಟರೆ ಬೇರೆ ಕಸುಬು ತಿಳಿಯದ ಮನುಷ್ಯ. ಇನ್ನು ಉಳಿದಿರುವುದು ಧಾರವಾಡದ ಹೈಕೋರ್ಟ್ ಒಂದೇ. ಓಡಿಸಿದವನು ತಾನಾಗಿ ಬಂದು ಬಾಯಿಬಿಟ್ಟರೆ ದಾರಿ ಇದೆ, ಇಲ್ಲದಿದ್ದರೆ ಇಲ್ಲ ಎಂದು ವಕೀಲರು ನನಗೆ ನೆಟ್ಟಗೆ ಹೇಳಿದ್ದಾರೆ.

ಬಸ್ ಸ್ಟಾಪಿನ ಬೇವಿನ ಮರದ ಕೆಳಗೆ ನಾನು ಒಗ್ಗಾಣಿ, ಮಿರ್ಚಿ ಮಾರುತ್ತೇನೆ. ಜಡೆಪ್ಪನವರ ಹೆಂಡತಿ ಕೊಟ್ರಮ್ಮ ಮಗಳನ್ನು ಇದೇ ಊರಿಗೆ ಕೊಟ್ಟಿದ್ದಾರೆ. ಆ ಮಗಳನ್ನು ನೋಡಲು ಬರುವಾಗಲೇ ಜಡೆಪ್ಪನವರು ಸತ್ತಿದ್ದು. ಈಗ ಕೊಟ್ರಮ್ಮ ಬಸ್ಸಿನಲ್ಲಿ ಬರುತ್ತಾರೆ. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಒಂದು ಚೀಲ. ಬಂದಾಗೆಲ್ಲ ನನ್ನ ಬಾಣಲೆಯ ಮುಂದೆ ನಿಂತು ಅದೇ ಮಾತು ಕೇಳುತ್ತಾರೆ. “ನಿನ್ನ ಗಂಡನ್ನ ಕೇಳಿದೇನು? ಕಡೀಗಾಲಕ್ಕ ನಮ್ಮೋರ ಬಾಯಿಗೆ ನೀರು ಬಿಟ್ಟನೋ ಇಲ್ಲೋ?”

ಕೋರ್ಟಿನ ಪಡಸಾಲೆಯಲ್ಲಿ ಯಲ್ಲೇಶನನ್ನೂ ಹೀಗೇ ಕೇಳಿದ್ದರು. ಅವನು ತಲೆ ತಗ್ಗಿಸಿದ. ಅಲ್ಲಿ ಇರದೇ ಇದ್ದವನು ಏನು ಹೇಳಿಯಾನು? ಹೂಂ ಎಂದರೆ ಸುಳ್ಳು, ಊಹೂಂ ಎಂದರೂ ಸುಳ್ಳು. ಆವತ್ತಿನಿಂದ ಕೊಟ್ರಮ್ಮ ಅವನನ್ನು ಕಲ್ಲೆದೆಯವನು ಎಂದು ಶಪಿಸುತ್ತಲೇ ಇದ್ದಾರೆ, ನಾನು ಎಣ್ಣೆ ನೋಡುತ್ತಾ ನುಂಗಿಕೊಳ್ಳುತ್ತಲೇ ಇದ್ದೇನೆ. ಆ ಪ್ರಶ್ನೆಗೆ ಉತ್ತರ ಗೊತ್ತಿರುವ ಒಬ್ಬನೇ ಒಬ್ಬ ತಗಡಿನ ಮಂದಿರದಲ್ಲಿ ಹಾಡು ಹೇಳುತ್ತಿದ್ದಾನೆ.

ಸುಳ್ಳು ಯಾಕೆ ಹೇಳಲಿ, ಅವನು ಬದಲಾಗಿದ್ದು ನಿಜ. ಕುಡಿತ ಬಿಟ್ಟ. ಬಾಯಿ ತೆರೆದರೆ ಬರುತ್ತಿದ್ದ ಹೊಲಸು ಬೈಗುಳ ನಿಂತಿತು. ಅವನ ಲೈಸೆನ್ಸು ರಿನ್ಯೂ ಆಯಿತು, ದೋಣಿಮಲೈ ಕಡೆ ಸ್ಟಾಫ್ ಬಸ್ ಓಡಿಸುತ್ತಾನೆ. ಊರಿನವರು ನಿನ್ನ ತಮ್ಮ ಬಂಗಾರದಂಥವನಾದ ಎನ್ನುವಾಗ ನನಗೆ ಮೈಯೆಲ್ಲ ಉರಿಯುತ್ತದೆ. ಅವನು ಕುಡುಕನಾಗಿಯೇ ಉಳಿದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಆಗ ಅವನು ನಿದ್ದೆಯಲ್ಲಿ ಬೆಚ್ಚಿಬಿದ್ದು ಕೂಗುತ್ತಿದ್ದ. ಈಗ ಗೊರಕೆ ಹೊಡೆಯುತ್ತಾನೆ ಎಂದು ಅವ್ವನೇ ಹೆಮ್ಮೆಯಿಂದ ಹೇಳುತ್ತಾಳೆ.

ಕೋರ್ಟಿಗೆ ಬಂದು ನಿಜ ಹೇಳು ಎಂದು ಅವನನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೊದಮೊದಲು ಅತ್ತ. ಆಮೇಲೆ ಅಳುವುದನ್ನೂ ಬಿಟ್ಟ.

“ಅಕ್ಕಾ, ಆ ಮಾರುತೇಶ ಸತ್ತ. ಇವ ಬ್ಯಾರೆ ಮನಷ್ಯಾ. ಕರ್ತ ನನ್ನ ಪಾಪ ನೆನಪಿನಾಗ ಇಟ್ಟುಕೊಂಡಿಲ್ಲ,” ಎಂದ.

“ಸತ್ತವನ ಬದ್ಲಿ ನನ್ನ ಗಂಡ ಯಾಕ ಒಳಗ ಕುಂತಾನ? ಅದನ್ನಾರ ನಿನ್ನ ಕರ್ತ ನೆನಪಿಟ್ಟಾನೇನು?” ಎಂದು ಕೇಳಿದೆ. ಅವನು ಅಲ್ಲೇ ಕಣ್ಣು ಮುಚ್ಚಿ ನನ್ನ ಕೋಪ ಇಳಿಯಲೆಂದು ಪ್ರಾರ್ಥನೆ ಮಾಡತೊಡಗಿದ. ಕೈಯಲ್ಲಿ ಮಿರ್ಚಿ ಕರಿಯುವ ಜಾರೆ ಇತ್ತು. ತಲೆಗೆ ಬಾರಿಸದೆ ಬಿಟ್ಟದ್ದು ನನ್ನ ಪುಣ್ಯ.

ಇದಕ್ಕಿಂತ ದೊಡ್ಡದು ಇನ್ನೊಂದು ನಡೆಯಿತು. ನಾನು ಜೈಲಿಗೆ ಹೋದಾಗ ಯಲ್ಲೇಶ ನಗುತ್ತಿದ್ದ. ಒಳಗೆ ಸೇರಿದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಮಾರುತೇಶ ಬಂದಿದ್ದನಂತೆ, ಸುವಾರ್ತೆಯ ಚಿಕ್ಕ ಪುಸ್ತಕ ಕೊಟ್ಟು, ಮಾವಾ, ನಿನ್ನ ಪಾಪ ಒಪ್ಪಿಕೋ, ನಿನಗೂ ಬಿಡುಗಡೆ ಸಿಗುತ್ತದೆ ಎಂದನಂತೆ.

“ನೀ ಏನಂದಿ?” ಎಂದೆ.

“ಒಪ್ಪಿಕೊಂಡಾಗೇತಲ್ಲೋ ತಮ್ಮಾ, ಕೋರ್ಟಿನ್ಯಾಗ, ಅಂದೆ.” ನಗು ಅಲ್ಲಿಗೇ ನಿಂತಿತು. ಆಮೇಲೆ ಅವನು ಜಾಲರಿಗೆ ಹಣೆ ಒತ್ತಿ ಹೇಳಿದ: “ರೇಣುಕಾ, ಆ ಅಮ್ಮ ಇನ್ನೂ ಕೇಳ್ತಾಳೇನು, ನೀರಿಂದು?”

ಬಸ್ಸಿನಲ್ಲಿ ಬರುವಾಗ ನಿರ್ಧಾರ ಮಾಡಿದೆ. ಇನ್ನು ತಮ್ಮ, ಅವ್ವ ಎಂದು ಕರುಳು ಹಿಡಿದುಕೊಂಡು ಕೂತರೆ ನನ್ನ ಮನುಷ್ಯ ಆ ಮಾತಿನ ಭಾರಕ್ಕೇ ಸಾಯುತ್ತಾನೆ.

ಮೊದಲು ಪಾಸ್ಟರ್ ಎರ್ರೆಪ್ಪನವರ ಹತ್ತಿರ ಹೋದೆ. ಹಿಂದೆ ಕ್ರಷರಿನಲ್ಲಿ ಕಲ್ಲು ಹೊತ್ತವರು, ಸಣಕಲು ಮನುಷ್ಯ. ಇಡೀ ಕತೆ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಮಾರುತೇಶ ಸಾಕ್ಷಿಯಲ್ಲಿ ಸತ್ತವರ ಹೆಸರು ಹೇಳಿರಲಿಲ್ಲ, ಶಿಕ್ಷೆ ಅನುಭವಿಸುತ್ತಿರುವವನ ಹೆಸರಂತೂ ಮೊದಲೇ ಇಲ್ಲ. ಪಾಸ್ಟರ್ ಚಹಾದ ಲೋಟ ಕೆಳಗಿಟ್ಟರು. ಬರುವ ಭಾನುವಾರ ಕಂಪ್ಲಿಯ ಹೊಳೆಯಲ್ಲಿ ದೀಕ್ಷಾಸ್ನಾನ ಇದೆ, ಹೊಸಪೇಟೆಯ ಸಭೆಯವರೂ ಬರುತ್ತಾರೆ, ಗಾಡಿ ಎಲ್ಲಾ ಹೇಳಿಯಾಗಿದೆ, ಅದೊಂದು ಮುಗಿಯಲಿ, ನೀರಿನಿಂದ ಎದ್ದವನ ಮನಸ್ಸು ಮೆತ್ತಗಾಗುತ್ತದೆ, ಆಮೇಲೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು.

“ಮೈ ತೊಳಿಸಿ ಆಮ್ಯಾಲೆ ಸಗಣಿ ಬಳಿಸ್ತೀರೇನ್ರಿ?” ಎಂದು ಕೇಳಿದೆ. ಉತ್ತರಕ್ಕೆ ಕಾಯದೆ ಎದ್ದುಬಂದೆ.

ಅಲ್ಲಿಂದ ವಡ್ಡುಗೆ ಹೋದೆ. ಕೊಟ್ರಮ್ಮ ಒಳಗೆ ಕರೆಯಲಿಲ್ಲ, ಕುಂದ್ರು ಎನ್ನಲಿಲ್ಲ. ಹೊಸ್ತಿಲ ಆಚೆ ನಿಂತೇ ಹೇಳಿದೆ. “ಅಮ್ಮಾ, ನೀವು ಕೇಳೋ ಮಾತಿಗೆ ನನ್ನ ಗಂಡನ ಹತ್ರ ಉತ್ತರ ಇಲ್ಲ. ಉತ್ತರ ಇರೋನು ಭಾನುವಾರ ಕಂಪ್ಲಿ ಹೊಳಿಗೆ ಇಳಿತಾನ. ಬರ್ರಿ.” ಅವರು ಬಾಗಿಲು ಮುಂದೆ ಮಾಡಿಕೊಂಡರು. ಬರುತ್ತಾರೋ ಇಲ್ಲವೋ ತಿಳಿಯಲಿಲ್ಲ.

ಭಾನುವಾರ ಕಂಪ್ಲಿಯಲ್ಲಿ ತುಂಗಭದ್ರೆ ಒಂದು ಕಡೆ ಮೊಣಕಾಲುದ್ದ, ಒಂದು ಕಡೆ ಸೊಂಟದುದ್ದ ಹರಿಯುತ್ತಿದ್ದಳು. ದಂಡೆಯ ಮೇಲೆ ಜಮಖಾನೆ ಹಾಸಿ, ಡೋಲಕ್ ಬಡಿದು ಹಾಡುತ್ತಿದ್ದರು. ಹಿಂದೆ ದೊಡ್ಡ ಪಾತ್ರೆಯಲ್ಲಿ ಪಲಾವು ಬೇಯುತ್ತಿತ್ತು. ಸ್ನಾನ ಪಡೆಯುವವರೆಲ್ಲ ಬಿಳಿ ಬಟ್ಟೆ ಉಟ್ಟಿದ್ದರು. ಒಬ್ಬೊಬ್ಬರೇ ನೀರಿಗಿಳಿದು, ನಿಂತು ಸಾಕ್ಷಿ ಹೇಳಿ, ಪಾಸ್ಟರ ತೋಳಿನ ಮೇಲೆ ಹಿಂದಕ್ಕೆ ಒರಗಿ ಮುಳುಗೇಳುವುದು ಅವರ ಪದ್ಧತಿ. ಅವ್ವ ಮಗನಿಗೆಂದು ಹೊಸ ಟವೆಲು ಹಿಡಿದು ನಿಂತಿದ್ದಳು. ನಾನು ರಸ್ತೆ ನೋಡುತ್ತಿದ್ದೆ. ಮಾರುತೇಶನ ಸರದಿ ಬರುವ ಹೊತ್ತಿಗೆ ಕೊಟ್ರಮ್ಮ ಆಟೋದಿಂದ ಇಳಿದರು.

ಅವನು ನೀರಿನಲ್ಲಿ ನಿಂತು ಕಣ್ಣು ಮುಚ್ಚಿದ. ಅದೇ ಮಾತು, ಅದೇ ರಾಗ. ನನ್ನ ಕೈಯಲ್ಲಿ ಒಂದು ಜೀವ ಹೋಗಿದೆ, ನನ್ನ ಶಿಕ್ಷೆ ಇನ್ನೊಬ್ಬ ಅನುಭವಿಸಿದ. ಕೊಟ್ರಮ್ಮ ನನ್ನ ಮುಖ ನೋಡಿದರು. ಇವನೇ ಎಂದೆ. ನನ್ನ ಒಡಹುಟ್ಟಿದವನನ್ನು ಬೆರಳು ತೋರಿಸಿ ಇವನೇ ಎಂದೆ. ಅವರು ಚೀಲವನ್ನು ನನ್ನ ಕೈಗೆ ಕೊಟ್ಟು, ಉಟ್ಟ ಸೀರೆಯಲ್ಲೇ ಹೊಳೆಗೆ ಇಳಿದರು. ಡೋಲಕ್ ನಿಂತಿತು.

ಮಾರುತೇಶ ಕಣ್ಣು ಬಿಟ್ಟಾಗ ಅವರು ಎದುರಿಗೇ ನಿಂತಿದ್ದರು. ಗುರುತು ಹಿಡಿದ. ಸತ್ತವರ ಹೆಂಡತಿಯ ಗುರುತು ಇಲ್ಲದೆ ಇರುತ್ತದೆಯೇ? ಕೋರ್ಟಿನ ದಿನಗಳಲ್ಲಿ ಹೊರಗಿನ ಚಹಾದ ಅಂಗಡಿಯಲ್ಲಿ ಅವಿತು ನೋಡುತ್ತಿದ್ದವನು ಅವನೇ.

“ನಾ ಜಡೆಪ್ಪನ ಹೆಂಡ್ತಿ,” ಎಂದರು ಕೊಟ್ರಮ್ಮ. “ಬೈಯಾಕ ಬಂದಿಲ್ಲ. ಒಂದು ಮಾತು ಹೇಳು ಸಾಕು. ಅವರ ಬಾಯಿಗೆ ನೀರು ಬಿಟ್ಟೇನು?”

ಅವನು ಪಾಸ್ಟರ ಕಡೆ ನೋಡಿದ. ಅವರು ಮಧ್ಯೆ ಬರುತ್ತಾರೆ, ಕೊಟ್ರಮ್ಮನನ್ನು ದಂಡೆಗೆ ಕಳಿಸುತ್ತಾರೆ ಎಂದುಕೊಂಡಿದ್ದನೋ ಏನೋ. ಎರ್ರೆಪ್ಪನವರು ಅವನ ತೋಳು ಹಿಡಿದವರು ಹಾಗೇ ನಿಂತಿದ್ದರು. ಅಮ್ಮ ಕೇಳ್ತಿದಾರಲ್ಲ, ಹೇಳು ಎಂದರು.

“ಕೇಳಿದ್ರು,” ಎಂದ ಮಾರುತೇಶ. ಮೈಕಿನಲ್ಲಿ ಕೇಳುವ ದನಿ ಅಲ್ಲ ಅದು. “ನೀರು ನೀರು ಅಂದ್ರು. ಕ್ಯಾಬಿನ್ಯಾಗ ಬಾಟ್ಲಿ ಇತ್ತು. ತಗಂಡೆ. ಅಷ್ಟೊತ್ತಿಗೆ ಯಾವುದೋ ಗಾಡಿ ಲೈಟ್ ಕಾಣ್ತು. ಬಾಟ್ಲಿ ಹಿಡಕೊಂಡೇ ಓಡಿದೆ.”

ಕೊಟ್ರಮ್ಮ ಅಳಲಿಲ್ಲ. ಬಾಗಿ ಬೊಗಸೆ ತುಂಬ ಹೊಳೆ ನೀರು ತೆಗೆದುಕೊಂಡು, ಮೇಲೆತ್ತಿ, ಬೆರಳ ಸಂದಿಯಿಂದ ಸಣ್ಣಗೆ ಬಿಟ್ಟರು. ಗಂಡನ ಬಾಯಿಗೆ ಬಿಡುವಂತೆಯೇ ಬಿಟ್ಟರು. ಆಮೇಲೆ ದಂಡೆಯ ಕಡೆ ತಿರುಗಿ ನನ್ನನ್ನು ಕೇಳಿದರು, ನಿನ್ನ ಗಂಡ ಇಷ್ಟು ದಿನ ಯಾಕೆ ಸುಮ್ಮನಿದ್ದ ಎಂದು.

“ಅವ ಅಲ್ಲಿ ಇರಲೇ ಇಲ್ಲಮ್ಮಾ,” ಎಂದೆ. ನಾಲ್ಕು ವರ್ಷ ನುಂಗಿದ್ದ ಮಾತು ಹೊರಗೆ ಬಂತು. ಹಂಗಾರೆ ಆ ಪುಣ್ಯಾತ್ಮನಿಗೆ ಸುಮ್ಮಸುಮ್ಮನೆ ಶಾಪ ಹಾಕಿದೆನಲ್ಲ ಎಂದು ಅವರು ಸೆರಗು ಬಾಯಿಗೆ ಒತ್ತಿಕೊಂಡರು.

ಮಾರುತೇಶ ಈಗ ಬಿಕ್ಕುತ್ತಿದ್ದ. ಮುಳುಗಿಸ್ರಿ ಪಾಸ್ಟರ್, ಜಲ್ದಿ ಮುಳುಗಿಸ್ರಿ ಎಂದು ಅವರ ಎದೆಗೆ ಒರಗಿದ. ಎರ್ರೆಪ್ಪನವರು ತೋಳು ಬಿಟ್ಟರು.

“ಇವತ್ತು ನಿನ್ನ ಮುಳುಗಸಂಗಿಲ್ಲ. ಯೇಸು ನಿನ್ನ ಬದ್ಲಿ ಸತ್ತ ಅಂತ ಹೇಳಿಕೊಟ್ಟೆ. ನಿನ್ನ ಬದ್ಲಿ ಇನ್ನೊಬ್ಬನ್ನ ಸಾಯಿಸಬ್ಯಾಡ ಅಂತ ಹೇಳಿಕೊಡಲಿಲ್ಲ. ಅರ್ಧ ಸುವಾರ್ತೆ ಹೇಳೀನಿ, ತಪ್ಪು ನಂದೂ ಐತಿ. ಮ್ಯಾಲೆ ನಡಿ.”

ಅವ್ವ ಟವೆಲು ಬಿಸಾಕಿ ನನ್ನ ಕಡೆ ಓಡಿಬಂದಳು. ತಮ್ಮನ್ನ ತಿಂದಿ, ನಿನ್ನ ಹೊಟ್ಟಿ ತಣ್ಣಗಾತೇನು ಎಂದು ಬೈಯುತ್ತಲೇ ನನ್ನ ಕಾಲಿಗೆ ಬೀಳಲು ಬಗ್ಗಿದಳು. ಆ ಬಗ್ಗುವಿಕೆ ನನಗೆ ಗೊತ್ತಿತ್ತು. ಅದೇ ನನ್ನ ಮನೆ ಹಾಳುಮಾಡಿದ್ದು. ನಾನು ಹಿಂದಕ್ಕೆ ಸರಿದೆ, ಅವಳ ಕೈ ಬರೀ ಮರಳಿಗೆ ತಾಗಿತು.

ಪಾಸ್ಟರ ಜೀಪಿನಲ್ಲಿ, ಕೇಸು ದಾಖಲಾಗಿದ್ದ ಸಂಡೂರು ಠಾಣೆಗೆ ಹೊರಟೆವು. ಮಾರುತೇಶ ನನ್ನ ಎದುರಿನ ಸೀಟಿನಲ್ಲಿ ಕೂತಿದ್ದ. ಸೊಂಟದ ಕೆಳಗೆ ಎಲ್ಲಾ ಒದ್ದೆ, ಮೇಲೆ ಅಂಗಿಯ ಇಸ್ತ್ರಿ ಕೂಡ ಕೆಟ್ಟಿರಲಿಲ್ಲ. ದಾರಿಯಲ್ಲಿ ಒಮ್ಮೆ, ಅಕ್ಕಾ, ನೀನಾದರೂ ಕ್ಷಮಿಸಿದಿಯಾ ಎಂದು ಕೇಳಿದ. ಅದು ನನ್ನ ಹತ್ತಿರ ಕೇಳುವುದಲ್ಲ, ಯಲ್ಲೇಶ ಹೊರಗೆ ಬಂದ ಮೇಲೆ ಅವನನ್ನೇ ಕೇಳು ಎಂದೆ. ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಅವನ ಮೇಲೆ ಕನಿಕರ ಹುಟ್ಟಿಲ್ಲ. ಹುಟ್ಟಿದಾಗ ನೋಡಿಕೊಳ್ಳೋಣ.

ಠಾಣೆಯ ಮೇಜಿನ ಮುಂದೆ ಅವನು ಕೈಕಟ್ಟಿ ನಿಂತ. ಪ್ಯಾಂಟು ಇನ್ನೂ ಒದ್ದೆಯಾಗಿತ್ತು. ಅಲ್ಲಿ ಮೈಕು ಇರಲಿಲ್ಲ, ಸ್ತೋತ್ರ ಎನ್ನುವವರೂ ಇರಲಿಲ್ಲ.

“ಜಡೆಪ್ಪನೋರಿಗೆ ಗುದ್ದಿದ ಲಾರಿ ಹೊಡಿತಿದ್ದೋನು ನಾನು, ಸಾಹೇಬ್ರ. ಯಲ್ಲೇಶ್ ಅಲ್ಲ,” ಎಂದ.

ಬರೆದುಕೊಳ್ಳುವವರು ತಲೆ ಎತ್ತದೆ, ಇನ್ನೊಮ್ಮೆ ಹೇಳು, ಕೇಳಲಿಲ್ಲ ಎಂದರು. ಅವನು ಇನ್ನೊಮ್ಮೆ ಹೇಳಿದ.