ಲೋಡು ಕ್ಯಾನ್ಸಲ್ ಆದಾಗ ಜವರಯ್ಯ ತಿಂದ ವಡೆ

ಆತಗೂರಿನ ಜವರಯ್ಯನ ಲಾರಿ ಅವತ್ತೂ ಖಾಲಿಯೇ ಮನೆಗೆ ಬಂತು. ಅಂಗಳದಲ್ಲಿ ರಾಗಿ ಕೇರುತ್ತಿದ್ದ ಹೆಂಡತಿ ಚಿಕ್ಕಬೋರಮ್ಮ ಮೊರ ಕೆಳಗಿಟ್ಟಳು.

“ಇವತ್ತೂ ಕ್ಯಾನ್ಸಲ್ಲಾ?”

“ಊಂ ಕಣೆ. ಗೆಜ್ಜಲಗೆರೆ ಗೋಡೌನ್ ಗೇಟಲ್ಲಿ ಬೆಳಿಗ್ಗೆಯಿಂದ ನಿಲ್ಸ್ಕಂಡು, ಉಣ್ಣೋ ಒತ್ನಲ್ಲಿ ಲೋಡು ಇಲ್ಲ ಓಗು ಅಂದ್ರು.”

“ಚೌಡಯ್ಯ ಏನ್ ಕೊಟ್ಟ?”

ಜವರಯ್ಯ ಮೀಸೆ ಒರೆಸಿಕೊಂಡ. “ವಡೆ ಕೊಡ್ಸ್ದ. ಎರಡು. ಕಾಪಿನೂ ಕುಡ್ಸ್ದ.”

ಚೌಡಯ್ಯ ಮದ್ದೂರಿನ ಲಾರಿ ಬ್ರೋಕರ್. ಮಾಲು ಕಳಿಸುವ ಪಾರ್ಟಿಗೂ ಲಾರಿಯವರಿಗೂ ನಡುವೆ ನಿಂತು ಬಾಡಿಗೆ ಕುದುರಿಸುವವನು. ಮನುಷ್ಯ ಕೆಟ್ಟವನಲ್ಲ. ಲೋಡು ಕ್ಯಾನ್ಸಲ್ ಆದಾಗಲೆಲ್ಲ ಹೆಗಲ ಮೇಲೆ ಕೈ ಹಾಕಿ ಹೋಟೆಲಿಗೆ ಕರೆದುಕೊಂಡು ಹೋಗುತ್ತಾನೆ. ಜವರಯ್ಯ ಬೈಯಲು ಬಾಯಿ ತೆರೆಯುವ ಹೊತ್ತಿಗೆ ಬಾಯಲ್ಲಿ ವಡೆ ಇರುತ್ತದೆ. ಒಬ್ಬನ ಕೈಲಿ ತಿಂದು ಅವನ ಮೇಲೇ ಜಗಳಕ್ಕೆ ನಿಲ್ಲುವ ಪದ್ಧತಿ ಜವರಯ್ಯನ ವಂಶದಲ್ಲೇ ಇಲ್ಲ. ಲಾರಿ ಸ್ಟ್ಯಾಂಡಿನ ಉಳಿದವರದೂ ಅದೇ ಕಟ್ಟಳೆ: ವಡೆ ತಿಂದರೆ ಮಾತು ಮುಗಿಯಿತು.

“ನಿಮ್ ಲಾರಿಯೇನು ವಡೆ ತಿನ್ಕಂಡು ಓಡ್ತದಾ?” ಎಂದಳು ಚಿಕ್ಕಬೋರಮ್ಮ. “ನೋಡಿ, ಇನ್ನೊಂದ್ ಸತಿ ಖಾಲಿ ಬಂದು ಬರಿಗೈ ತೋರ್ಸುದ್ರೆ ಮಾರ್ಬುಡದೇಯ. ಗಿರಾಕಿ ನೋಡು ಅಂತ ನಮ್ಮಣ್ಣಂಗೆ ಯೋಳಿವ್ನಿ.”

ಜವರಯ್ಯ ಲಾರಿಯತ್ತ ತಿರುಗಿ ನೋಡಿದ. ಊರವರ ಲಾರಿಗಳನ್ನೆಲ್ಲ ಓಡಿಸಿ ಓಡಿಸಿ, ಕೊನೆಗೆ ಸ್ವಂತದ್ದು ಅಂತ ಮಾಡಿಕೊಂಡ ಒಂದೇ ಲಾರಿ. ಇದೂ ಹೋದರೆ ಮತ್ತೆ ಕಂಡವರ ಸ್ಟೇರಿಂಗೇ ಗತಿ.

ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಕುಸುಮ ಕಿಸಕ್ಕನೆ ನಕ್ಕಳು. ಅವಳು ಚಿಕ್ಕಬೋರಮ್ಮನ ತಂಗಿ ಮಗಳು, ಮಳವಳ್ಳಿಯಿಂದ ಬಂದಿದ್ದಳು. ಅವರ ಮನೆಯಲ್ಲೂ ಒಂದು ಲಾರಿ ಇದೆ. ಓಡಿಸುವುದು ಗಂಡ ಪುಟ್ಟರಾಜು, ಬ್ರೋಕರ್‌ಗಳ ಹತ್ತಿರ ಮಾತಾಡುವುದು ಕುಸುಮ.

“ದೊಡ್ಡಪ್ಪ, ಲೋಡು ಕ್ಯಾನ್ಸಲ್ ಆದ್ರೆ ಏನ್ ಕೊಡ್ತೀರಾ ಅಂತ ನೀವು ಕೇಳದು ಯಾವಾಗ?”

“ಕ್ಯಾನ್ಸಲ್ ಆದ್ಮ್ಯಾಲೆ.”

“ಮದ್ವೆ ಆದ್ಮ್ಯಾಲೆ ಎಣ್ಣು ನೋಡಕ್ಕೆ ಓದಂಗಾಯ್ತು.”

“ಅಲ್ಲ ಕಣವ್ವ, ಚಕ್ರಕ್ಕೆ ನಿಂಬೆಅಣ್ಣು ಮಡಗಿ ಒಂಟಿರ್ತೀನಿ. ಅವಾಗ್ಲೇ ಕ್ಯಾನ್ಸಲ್ಲು ಗೀನ್ಸಲ್ಲು ಅಂತ ಅಪಸಕುನ ನುಡೀಲಾ?”

“ನಿಂಬೆಅಣ್ಣೂ ಮಡಗ್ತೀರಿ, ಇನ್ಸೂರೆನ್ಸೂ ಕಟ್ತೀರಿ. ಅದು ಅಪಸಕುನ ಅಲ್ವಾ? ಇದೂ ಅಂಗೇಯ.”

ಜವರಯ್ಯ ತಲೆ ಕೆರೆದುಕೊಂಡ. “ಚೌಡಯ್ಯ ಕ್ವಾಪ ಮಾಡ್ಕಂಡು ಲೋಡೇ ಕೊಡ್ನಿಲ್ಲ ಅಂದ್ರೆ?”

“ಸುಳ್ಯಾಕ್ ಯೋಳ್ಲಿ, ಮೊದ್ಲು ನಮ್ಗೂ ಒಬ್ಬಿಬ್ರು ಕೊಡ್ನಿಲ್ಲ. ಆಮ್ಯಾಕೆ ಅವ್ರೇ ಫೋನ್ ಮಾಡುದ್ರು. ಯೋಳಿದ್ ಒತ್ಗೆ ಬರೋ ಲಾರಿನ ಯಾರ್ ಬುಡ್ತಾರೆ?”

“ನಂಗೆ ಫೋನಲ್ಲಿ ಬರ್ಯಕ್ ಬರಾಕಿಲ್ಲ.”

“ಬಾಯಿ ಅದೆಯಲ್ಲ. ವಾಟ್ಸಾಪಲ್ಲಿ ಆ ಮೈಕ್ ಒತ್ಕಂಡು ಯೋಳಿ. ಅದು ಅಂಗೇ ಉಳ್ಕತದೆ. ಫೋನ್ ಮಾಡಿ ಆಡಿದ್ ಮಾತು ಗಾಳಿಗೋಯ್ತದೆ.”

ಮಾರನೇ ದಿನವೇ ಚೌಡಯ್ಯ ಫೋನ್ ಮಾಡಿದ. ಮತ್ತೆ ಅದೇ ಗೋಡೌನು, ಹುಬ್ಬಳ್ಳಿ ಲೋಡು, ಬೆಳಿಗ್ಗೆ ಬಾ ಅಂದ. ಜವರಯ್ಯ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮೈಕ್ ಒತ್ತಿದ. ಪಕ್ಕದ ಬೀದಿಗೂ ಕೇಳುವಂತೆ ಶುರು ಮಾಡಿದ.

“ಅಲೋ ಚೌಡಣ್ಣ, ನಾನು ಜವರಯ್ಯ. ನಿಮ್ಮವ್ವನ ಮಂಡಿನೋವು ಎಂಗದೆ? ಎಣ್ಣೆ ತಿಕ್ತಿದ್ದೀರಾ?”

ವಿಷಯಕ್ಕೆ ಬನ್ನಿ ಅಂತ ಕುಸುಮ ಕೈಸನ್ನೆ ಮಾಡಿದಳು.

“ನಾಳೆ ಬೆಳಿಗ್ಗೆ ಗೆಜ್ಜಲಗೆರೆ ಗೋಡೌನಿಂದ ಉಬ್ಳಿಗೆ ಲೋಡು ಅಂದಿದ್ದೀಯ. ನಾನು ಮನೆ ಬುಟ್ಮ್ಯಾಲೆ ಕ್ಯಾನ್ಸಲ್ ಮಾಡುದ್ರೆ ಡೀಸೆಲ್ಲು, ಒಂದಿನದ ಕೂಲಿ ಸೇರಿ ಮೂರ್ ಸಾವ್ರ ಕೊಡ್ಬೇಕು. ಅವತ್ತೇ ಕೊಡ್ಬೇಕು. ಒಪ್ಗೆನಾ ಯೋಳು.”

ಚೌಡಯ್ಯನಿಂದ ಒಂದು ಹೆಬ್ಬೆರಳಿನ ಚಿತ್ರ ಬಂತು. ಜವರಯ್ಯ ಹಿಗ್ಗಿದ. ಕುಸುಮ ಊಹೂಂ ಅಂತ ತಲೆಯಾಡಿಸಿದಳು.

“ಎಬ್ಬೆಟ್ಟು ಸಾಲ್ದು ದೊಡ್ಡಪ್ಪ. ನಾಳೆ, ಕೇಳುಸ್ಕಂಡೆ ಅಂತ ಒತ್ತಿದ್ದೆ ಅಷ್ಟೇಯ ಅಂತಾನೆ. ಬಾಯ್ಬುಟ್ಟು ಒಪ್ಕಳ್ಳಿ.”

ಅಷ್ಟರಲ್ಲಿ ಚೌಡಯ್ಯನೇ ಫೋನ್ ಮಾಡಿದ. “ಏನ್ಲಾ ಜವರ, ಕೋರ್ಟಲ್ಲಿ ನಿಂತಂಗೆ ಮಾತಾಡಿದ್ದೀಯ. ನನ್ಮ್ಯಾಲೆ ನಂಬ್ಕೆ ಇಲ್ವಾ?”

ಚಿಕ್ಕಬೋರಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಜವರಯ್ಯ ಹೇಳಿದ: “ನಿನ್ಮ್ಯಾಲೆ ಅದೆ ಕಣಣ್ಣ. ಪಾರ್ಟಿ ಮಕ ನಾನ್ ಕಂಡಿಲ್ಲ. ನಾನ್ ಕಳ್ಸಿದ್ನ ಅವ್ರಿಗೂ ಕಳ್ಸ್ಬುಡು. ನೀನೂ ಒಂದ್ ಮಾತು ಒಪ್ಕಂಡೆ ಅಂತ ಯೋಳಿ ಕಳ್ಸು.”

ಫೋನ್ ಕಟ್ಟಾಯಿತು. ಲೋಡು ಹೋಯಿತು ಅಂದುಕೊಂಡು ಜವರಯ್ಯ ಗೋಡೆಗೊರಗಿ ಕುಳಿತ. ಸುಮಾರು ಹೊತ್ತಿನ ಮೇಲೆ ವಾಟ್ಸಾಪಿನಲ್ಲಿ ಚೌಡಯ್ಯನ ದನಿ ಬಂತು: “ಆಯ್ತು ಕಣ್ಲಾ, ಮೂರ್ ಸಾವ್ರಕ್ಕೆ ಒಪ್ಕಂಡಿವ್ನಿ. ಪಾರ್ಟಿಗೂ ಕಳ್ಸಿದೆ, ಅವ್ರೂ ಊಂ ಅಂದವ್ರೆ. ಅವ್ವನ ಮಂಡಿ ಅಂಗೇ ಅದೆ.”

ಮರುದಿನ ಗೋಡೌನ್ ಗೇಟಿನಲ್ಲಿ ಬಿಸಿಲೇರಿತು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಬಂದವನು ಮಾಲು ಬಂದಿಲ್ಲ, ಇವತ್ತು ಆಗಲ್ಲ ಅಂದ. ಹಿಂದೆಯೇ ಚೌಡಯ್ಯನ ಸ್ಕೂಟರು ಬಂತು. ಹೆಗಲ ಮೇಲೆ ಕೈ ಬಿತ್ತು. ಹೋಟೆಲಿನ ಮೇಜಿನ ಮೇಲೆ ಎರಡು ವಡೆ ಹೊಗೆಯಾಡುತ್ತಾ ಬಂದು ಕೂತವು.

ಜವರಯ್ಯ ಮುಟ್ಟಲಿಲ್ಲ. ಘಮ ಮೂಗಿಗೆ ಬಡಿಯುತ್ತಿತ್ತು. ಕೊನೆಗೆ ಗಂಟಲು ಸರಿಮಾಡಿಕೊಂಡು ಹೇಳಿದ: “ಚೌಡಣ್ಣ, ನಾನು ತಿಂತೀನಿ. ಆದ್ರೆ ವಡೆ ವಡೆಗಾಯ್ತು, ಮಾತು ಮಾತ್ಗೆ.”

ಚೌಡಯ್ಯ ಹೊಟ್ಟೆ ಕುಣಿಸಿ ನಕ್ಕ. “ತಿನ್ಲಾ ಮೊದ್ಲು, ಆರೋಯ್ತದೆ. ಇಷ್ಟ್ ದಿನ ನಾನೂ ಪಾರ್ಟಿನ ಬಾಯ್ಮಾತ್ಗೆ ಕೇಳ್ತಿದ್ದೆ, ಅವ್ರು ಯಾವಾಗ್ ಅಂದಿದ್ವಿ ಅಂತ ಜಾರ್ಕತಿದ್ರು. ಇವತ್ತು ನಿನ್ ದನಿನೇ ಕೇಳುಸ್ದೆ. ಕಮಕ್ ಕಿಮಕ್ ಅನ್ನದೆ ಮೂರ್ ಸಾವ್ರ ಆಕವ್ರೆ. ತಕ, ನಿನ್ ಫೋನ್ಗೆ ಕಳ್ಸಿವ್ನಿ.”

ಜವರಯ್ಯನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಆಗ ಅವನು ವಡೆಗೆ ಕೈ ಹಾಕಿದ. ಎರಡಕ್ಕೆ ನಿಲ್ಲಲಿಲ್ಲ.

ಸಂಜೆ ಲಾರಿ ಖಾಲಿಯೇ ಊರು ಸೇರಿತು. ಸೊಂಟಕ್ಕೆ ಸೆರಗು ಬಿಗಿದು ನಿಂತಿದ್ದ ಚಿಕ್ಕಬೋರಮ್ಮನ ಮುಂದೆ ಜವರಯ್ಯ ಫೋನ್ ಹಿಡಿದ. ಅವಳು ಎರಡೆರಡು ಸಲ ನೋಡಿದಳು. ಆಮೇಲೆ ಅದೇ ಫೋನಿನಿಂದ ಅಣ್ಣನಿಗೆ ಕರೆ ಮಾಡಿದಳು. “ಅಣ್ಣೋ, ಗಿರಾಕಿ ನೋಡ್ಬ್ಯಾಡ. ನಮ್ ಲಾರಿ ಮಾರಾಕಿಲ್ಲ.”

ಲಾರಿ, ಟೆಂಪೋ ಓಡಿಸುವ ಅಣ್ಣಂದಿರೇ, ಅವರಿಗೆ ಬುತ್ತಿ ಕಟ್ಟುವ ಅಕ್ಕಂದಿರೇ, ಬ್ರೋಕರ್ ಲೋಡು ಅಂದ ಕೂಡಲೇ ಕೀಲಿ ತಿರುಗಿಸಬೇಡಿ. ಲೋಡು ಎಲ್ಲಿಂದ, ಎಷ್ಟು ಹೊತ್ತಿಗೆ, ಕ್ಯಾನ್ಸಲ್ ಆದರೆ ಎಷ್ಟು, ಯಾವತ್ತು ಕೊಡುತ್ತಾರೆ ಅಂತ ಮೊದಲೇ ಮಾತಾಡಿ. ಬರೆದಾದರೂ ಸರಿ, ದನಿಯಲ್ಲಾದರೂ ಸರಿ, ಫೋನಿನಲ್ಲಿ ಕಳಿಸಿ. ಅವರ ಒಪ್ಪಿಗೆಯೂ ಮಾತಿನಲ್ಲೇ ಬರಲಿ. ಬಂದದ್ದನ್ನು ಅಳಿಸಬೇಡಿ. ಕಾಫಿ ಕೊಡಿಸಿದರೆ ಸಂತೋಷವಾಗಿ ಕುಡಿಯಿರಿ, ಸ್ನೇಹ ಕೆಡಿಸಿಕೊಳ್ಳಬೇಡಿ. ಆದರೆ ನಿಮ್ಮ ಡೀಸೆಲ್ಲು, ನಿಮ್ಮ ದಿನ ನಿಮ್ಮವು. ಸಂಕೋಚಪಟ್ಟು ಲಾರಿ ಮಾರಿಕೊಂಡವರು ಊರಿಗೊಬ್ಬರು ಸಿಗುತ್ತಾರೆ. ಬಾಯಿಬಿಟ್ಟು ಕೇಳಿ ಮಾರಿಕೊಂಡವರನ್ನು ನಾವಂತೂ ಕಾಣೆವು.