ಕಸದ ಗಾಡಿ ಹತ್ತಿದ ಕೋಟು

ಟೈಲರ್ ಮನೆಯಲ್ಲಿ ಎರಡನೇ ಬುಟ್ಟಿ ಇರಲಿಲ್ಲ.

ಇದ್ದದ್ದು ಒಂದೇ, ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಕೂತ, ಹಿಡಿಕೆ ಮುರಿದ ಬಕೆಟ್ಟು. ತರಕಾರಿ ಸಿಪ್ಪೆ, ಸೋಸಿದ ಟೀಪುಡಿ, ಹಾಲಿನ ಕವರು, ಹೊಲಿಗೆ ಮೆಷಿನ್ನಿನ ಕೆಳಗೆ ಗುಡಿಸಿದ ಚಿಂದಿ, ಮುರಿದ ಸೂಜಿ, ಎಲ್ಲವೂ ಅದಕ್ಕೇ. ಬೆಳಿಗ್ಗೆ ಕಸದ ಗಾಡಿಯ ಗಂಟೆ ಕೇಳಿದ ಕೂಡಲೇ ಟೈಲರ್‌ನ ಹೆಂಡತಿ ಬಕೆಟ್ಟನ್ನು ಎತ್ತಿಕೊಂಡು ಓಡುತ್ತಿದ್ದಳು. ಸುರಿದರೆ ಮುಗಿಯಿತು, ಆ ಕಸದ ಋಣ ತೀರಿತು. ಬೀದಿಯವರು ಅವಳನ್ನು ಟೈಲರಮ್ಮ ಎನ್ನುತ್ತಿದ್ದರು.

ಒಂದು ಸೋಮವಾರ ಗಾಡಿಯ ಹೆಂಗಸು ಬಕೆಟ್ಟಿನೊಳಗೆ ಇಣುಕಿ ನೋಡಿ, ಅದನ್ನು ವಾಪಸ್ ಕೈಗಿತ್ತಳು.

"ಇವತ್ತಿಂದ ಹಸಿ ಕಸ ಬೇರೆ, ಒಣ ಕಸ ಬೇರೆ. ಬೆರೆಸಿದ್ರೆ ತಗೊಳ್ಳಲ್ಲಮ್ಮ."

ಗಾಡಿ ಮುಂದಕ್ಕೆ ಹೋಯಿತು. ಟೈಲರಮ್ಮ ತುಂಬಿದ ಬಕೆಟ್ಟು ಹಿಡಿದು ಬೀದಿಯಲ್ಲಿ ನಿಂತಳು. ಕಸವನ್ನು ಯಾರಾದರೂ ಬೇಡ ಎನ್ನಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಒಳಗೆ ಟೈಲರ್‌ಗೆ ನಗು ತಡೆಯಲಾಗಲಿಲ್ಲ. "ಇನ್ಮೇಲೆ ಕಸಕ್ಕೂ ಅಳತೆ ತಗೋ. ಎದೆ ಎಷ್ಟು, ಸೊಂಟ ಎಷ್ಟು! ಹುಚ್ಚಿ, ಕೊನೆಗೆ ಎಲ್ಲಾನೂ ಒಂದೇ ಗುಡ್ಡೆಗೆ ಸುರೀತಾರೆ. ನೀನ್ಯಾಕೆ ತಲೆ ಕೆಡಿಸ್ಕೋತೀಯ?"

"ವಾಪಸ್ ಬಂದಿರೋ ಬಕೆಟ್ಟನ್ನ ನಿಮ್ಮ ಮೆಷಿನ್ ಪಕ್ಕ ಇಡ್ತೀನಿ. ಆಗ ನೀವೂ ಸ್ವಲ್ಪ ಕೆಡಿಸ್ಕೋಬಹುದು," ಎಂದಳು.

ಅಂಗಡಿ ಕೋಣೆಗೂ ಅಡುಗೆಮನೆಗೂ ನಡುವೆ ಬೆಳಕು ಬೀಳದ ಒಂದು ಓಣಿಯಿತ್ತು. ಅಲ್ಲಿಯ ಗೋಡೆಯ ಮೊಳೆಗಳಿಗೆ ಟೈಲರ್ ತನ್ನ ಆರ್ಡರಿನ ಬಟ್ಟೆಗಳನ್ನು ಕವರಿನಲ್ಲಿ ಹಾಕಿ ತೂಗುಹಾಕುತ್ತಿದ್ದ. ಖಾಲಿಯಿದ್ದ ಕೊನೆಯ ಮೊಳೆಗೆ ಟೈಲರಮ್ಮ ಅಂಥದೇ ಒಂದು ಕವರು ನೇತುಹಾಕಿದಳು. ಬಕೆಟ್ಟು ಹಸಿಗೆ, ಕವರು ಒಣಕ್ಕೆ. ಕೆಲಸ ಸುಲಭ ಎಂದುಕೊಂಡಳು.

ಸುಲಭ ಇರಲಿಲ್ಲ. ಹಾಲಿನ ಕವರನ್ನು ತೊಳೆದಳು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು, ಹಾಗಾಗಿ ಹಸಿಗೆ ಹಾಕಿದಳು. ಟೀಪುಡಿಯೂ ಹಸಿಯೇ. ಆದರೆ ಅದನ್ನು ಬಿಸಿಲಿಗೆ ಹಾಕಿದರೆ? ಅತ್ತೆ ಈರುಳ್ಳಿ ಸಿಪ್ಪೆ ಹಿಡಿದುಕೊಂಡು ಬಂದಳು.

"ಇದೆಲ್ಲಿಗೇ?"

"ಹಸಿಗೆ ಅನ್ಸುತ್ತೆ ಅತ್ತೆ."

"ಹಸಿ ಎಲ್ಲಿದೆಯೇ ಇದರಲ್ಲಿ? ಹುಟ್ಟಿದಾಗಿಂದ ಒಣಗೇ ಇದೆ, ನನ್ ಹಾಗೆ!"

ಅತ್ತೆಯ ಮಾತು ಸರಿಯೆನಿಸಿತು. ಈರುಳ್ಳಿ ಸಿಪ್ಪೆ ಒಣ ಕವರಿಗೆ ಹೋಯಿತು. ಮೊಟ್ಟೆಯ ಚಿಪ್ಪು ಒರೆಸಿಕೊಂಡು ಅದರ ಹಿಂದೆ ಹೋಯಿತು. ಮರುದಿನ ಗಾಡಿಯ ಹೆಂಗಸು ಬಕೆಟ್ಟಿನಿಂದ ಹಾಲಿನ ಕವರನ್ನು ಎರಡು ಬೆರಳಲ್ಲಿ ಎತ್ತಿ, "ಇದೇನಮ್ಮ ಇಲ್ಲಿ?" ಎಂದಳು.

"ಒದ್ದೆ ಇತ್ತು."

ಹೆಂಗಸು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. ಬಕೆಟ್ಟು ಮತ್ತೆ ಮನೆಗೇ ಬಂತು.

ಎರಡು ಸಲ ವಾಪಸ್ ಬಂದ ಮೇಲೆ ಟೈಲರಮ್ಮ ಹಟಕ್ಕೆ ಬಿದ್ದಳು. ಹಸಿಯೇ ತಂಟೆಯಾದರೆ ಹಸಿಯೇ ಬೇಡ, ಎಲ್ಲವನ್ನೂ ಒಣಗಿಸಿಬಿಡುತ್ತೇನೆ! ಟೀಪುಡಿ, ಬಾಳೆಹಣ್ಣಿನ ಸಿಪ್ಪೆ, ಬೀನ್ಸಿನ ನಾರು, ಎಲ್ಲವನ್ನೂ ತಾರಸಿಯ ಗೋಡೆಯ ಮೇಲೆ ಸಾಲಾಗಿ ಹರಡಿದಳು. ಕಾಗೆಗಳಿಗೆ ಹಬ್ಬವಾಯಿತು. ಉಳಿದದ್ದು ಅರೆಬರೆ ಒಣಗಿತು.

ಅದೇ ವಾರ ಹೆಡ್ ಮೇಷ್ಟ್ರು ತಮ್ಮ ನಿವೃತ್ತಿಯ ದಿನಕ್ಕೆಂದು ಕೋಟಿನ ಬಟ್ಟೆ ಕೊಟ್ಟಿದ್ದರು. ಕೆನೆ ಬಣ್ಣದ್ದು, ಬಟ್ಟೆ ಅಂಗಡಿಯ ಥಾನಿನಲ್ಲಿ ಉಳಿದಿದ್ದ ಕೊನೆಯ ತುಂಡು. ಟೈಲರ್ ಉಸಿರು ಬಿಗಿಹಿಡಿದು ಅದನ್ನು ಕತ್ತರಿಸಿದ. ಬೆನ್ನು ಮತ್ತು ಎದೆಯ ಭಾಗಗಳನ್ನು ಕೆಳಗಿಟ್ಟ. ತೋಳು, ಕಾಲರ್ ಮೇಲಿಟ್ಟ. ಕವರಿಗೆ ಹಾಕಿ ಓಣಿಯ ಮೊಳೆಗೆ ತೂಗುಹಾಕಿದ.

ಮರುದಿನ ಬೆಳಿಗ್ಗೆ ಗಂಟೆ ಕೇಳಿತು. ಹಾಲು ಉಕ್ಕುತ್ತಿತ್ತು, ಅತ್ತೆ ಸ್ನಾನಕ್ಕೆ ಬಿಸಿನೀರು ಕೇಳುತ್ತಿದ್ದಳು. ಟೈಲರಮ್ಮ ತಾರಸಿಯಿಂದ ಸಿಪ್ಪೆಗಳನ್ನು ಬಾಚಿ ತಂದು, ಕತ್ತಲ ಓಣಿಯಲ್ಲಿ ಕೈಗೆ ಸಿಕ್ಕ ಕವರಿಗೆ ಸುರಿದಳು. ಬಾಯಿ ಗಂಟು ಹಾಕಿ ಕೊಟ್ಟು ಬಂದಳು. ಗಾಡಿಯ ಹೆಂಗಸು ಹೊರಗಿನಿಂದ ಮುಟ್ಟಿ ನೋಡಿದಳು. ಮೆತ್ತಗಿತ್ತು, ಬಟ್ಟೆ. ತೆಗೆದುಕೊಂಡಳು.

"ಕೊನೆಗೂ ಪಾಸಾದೆ!" ಎಂದು ಟೈಲರಮ್ಮ ಒಳಗೆ ಬಂದಳು.

ಸ್ವಲ್ಪ ಹೊತ್ತಿಗೆ ಓಣಿಯಿಂದ ಟೈಲರ್‌ನ ಕೂಗು ಕೇಳಿತು. "ಮೇಷ್ಟ್ರ ಕೋಟೆಲ್ಲೇ?"

ಕೊನೆಯ ಮೊಳೆಯಲ್ಲಿ ಈರುಳ್ಳಿ ಸಿಪ್ಪೆಯ ಕವರು ಇದ್ದ ಹಾಗೇ ನೇತಾಡುತ್ತಿತ್ತು. ಗಾಡಿಗೆ ಕೊಟ್ಟದ್ದು ಯಾವ ಕವರೆಂದು ಟೈಲರಮ್ಮನಿಗೆ ಆಗ ಹೊಳೆಯಿತು.

ಗಂಡ ಹೆಂಡತಿ ಬೀದಿಗೆ ಓಡಿದರು. ಎದುರು ಮನೆಯ ನರ್ಸಮ್ಮ ಆಗಷ್ಟೇ ಡ್ಯೂಟಿ ಮುಗಿಸಿ ಬರುತ್ತಿದ್ದಳು. ವಿಷಯ ಕೇಳಿ ಚೀಲವನ್ನು ಮನೆಯ ಮೆಟ್ಟಿಲ ಮೇಲೇ ಬಿಟ್ಟಳು.

"ಗಾಡಿ ಶೆಡ್ಡಿಗೆ ಹೋಗಿರುತ್ತೆ, ಬನ್ನಿ ಅಕ್ಕ. ಅಲ್ಲೇ ವಿಂಗಡಿಸ್ತಾರೆ."

ಶೆಡ್ಡಿನಲ್ಲಿ ಟೈಲರ್ ಸುತ್ತಲೂ ಕಣ್ಣಾಡಿಸಿದ. ಎಲ್ಲವೂ ಒಂದೇ ಗುಡ್ಡೆಯಾಗಿರುತ್ತದೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ. ಒಂದು ಕಡೆ ಕಾಗದದ ಕಟ್ಟು, ಇನ್ನೊಂದು ಕಡೆ ಕವರು, ಬಾಟಲಿ, ಡಬ್ಬ, ಬಟ್ಟೆ ಇದ್ದವು. ಹಿಂದೆ ಗುಂಡಿಗಳಲ್ಲಿ ಸಿಪ್ಪೆ ಕೊಳೆತು ಗೊಬ್ಬರವಾಗುತ್ತಿತ್ತು. ಇವೆಲ್ಲದರ ಆಚೆ, ಮೂಲೆಯಲ್ಲಿ, ನೊಣ ಮುತ್ತಿದ ಒಂದು ರಾಶಿ.

"ಅದೇನು?" ಎಂದ.

"ಬೆರಕೆ," ಎಂದಳು ನರ್ಸಮ್ಮ. "ಅದನ್ನ ಗೊಬ್ಬರಾನೂ ಮಾಡೋಕಾಗಲ್ಲ, ಮಾರೋಕೂ ಆಗಲ್ಲ. ನೀವು ಹೇಳ್ತಿದ್ರಲ್ಲ ಗುಡ್ಡೆ, ಅಲ್ಲಿಗೆ ಹೋಗೋದು ಅದೇ."

ಕೋಟು ಸಿಕ್ಕಿದ್ದು ಅದೇ ರಾಶಿಯಲ್ಲಿ. ಬೆನ್ನು, ಎದೆಯ ಭಾಗಗಳು ಚೆನ್ನಾಗಿದ್ದವು. ಮೇಲಿದ್ದ ತೋಳುಗಳಿಗೂ ಕಾಲರಿಗೂ ಟೀ ಹತ್ತಿತ್ತು, ಬಾಳೆಯ ಕರೆ ಹತ್ತಿತ್ತು. ಆ ಕರೆ ಹತ್ತಿದರೆ ಬಿಡುವುದಿಲ್ಲವೆಂದು ಟೈಲರ್‌ಗೆ ಯಾರೂ ಹೇಳಬೇಕಿರಲಿಲ್ಲ.

"ನಾನು ಒಣಗಿಸಿದ್ನಲ್ಲ!" ಟೈಲರಮ್ಮ ಅಳುವಂತಾದಳು. "ಒಣಗಿದ್ಮೇಲೂ ಹಸಿನಾ ಅದು? ಹಾಗಾದ್ರೆ ಒದ್ದೆ ಕವರು ಹೇಗೆ ಒಣ?"

"ನೀರಿನ ಲೆಕ್ಕ ಬಿಡಿ ಅಕ್ಕ, ಅಲ್ಲೇ ಎಡವಿದ್ದು ನೀವು. ಕೊಳೆಯೋ ಲೆಕ್ಕ ಹಾಕಿ. ಅಡುಗೆ, ಊಟದಿಂದ ಬಂದದ್ದು, ಮಣ್ಣಿಗೆ ಹಾಕಿದ್ರೆ ಕೊಳೆತು ಮಣ್ಣಾಗೋದು, ಎಷ್ಟೇ ಒಣಗಿರ್ಲಿ, ಅದು ಹಸಿ ಕಸ. ಈರುಳ್ಳಿ ಸಿಪ್ಪೆ, ಟೀಪುಡಿ, ಮೊಟ್ಟೆ ಚಿಪ್ಪು, ಎಲ್ಲ ಹಸಿ. ಕಾಗದ, ಪ್ಲಾಸ್ಟಿಕ್, ಡಬ್ಬ, ಬಟ್ಟೆ ಒಣ. ಹಾಲಿನ ಕವರು ತೊಳೆದು, ನೀರು ಆರಿಸಿ ಹಾಕಿ."

"ನನ್ನ ಮುರಿದ ಸೂಜಿ, ಬ್ಲೇಡು?" ಟೈಲರ್ ಕೇಳಿದ. ಮೊದಲ ಸಲ ಕೇಳಿದ್ದು.

"ಅವನ್ನ ಎರಡಕ್ಕೂ ಹಾಕ್ಬೇಡಿ. ಮುಚ್ಚಳ ಇರೋ ಡಬ್ಬಿಗೆ ಹಾಕಿಟ್ಟು, ಹೇಳಿ ಕೊಡಿ. ಅವರು ವಿಂಗಡಿಸೋದು ಕೈಯಲ್ಲಿ. ಬಳಸಿದ ಪ್ಯಾಡು, ಬ್ಯಾಂಡೇಜು ಕಾಗದದಲ್ಲಿ ಸುತ್ತಿ ಬೇರೆ ಕೊಡಿ."

"ಎಣ್ಣೆ ಹತ್ತಿದ ಕಾಗದ?" ಎಂದಳು ಟೈಲರಮ್ಮ.

ನರ್ಸಮ್ಮ ತಲೆ ಕೆರೆದುಕೊಂಡಳು. "ಅದು ನಂಗೂ ಗೊತ್ತಿಲ್ಲ ಅಕ್ಕ. ಇಲ್ಲೇ ಕೇಳೋಣ."

ಕೇಳಿದರು. ಈ ಶೆಡ್ಡಿನಲ್ಲಿ ಅದನ್ನು ಹಸಿಗೆ ಹಾಕುತ್ತಾರಂತೆ.

ಉಳಿದ ತುಂಡುಗಳಲ್ಲಿ ಟೈಲರ್ ತೋಳಿಲ್ಲದ ಕೋಟು ಹೊಲಿದ. ಹೆಡ್ ಮೇಷ್ಟ್ರು ತೊಟ್ಟುಕೊಂಡು ಕನ್ನಡಿಯಲ್ಲಿ ನೋಡಿದರು. ಆ ಕಡೆ ತಿರುಗಿದರು, ಈ ಕಡೆ ತಿರುಗಿದರು.

"ತೋಳೆಲ್ಲಪ್ಪ?"

"ಕಸಕ್ಕೆ ಹೋಯ್ತು ಸಾರ್."

"ಇಷ್ಟು ವರ್ಷ ಮಕ್ಕಳು ಏನೇನೋ ನೆಪ ಹೇಳಿದ್ದಾರೆ. ಇದನ್ನ ಯಾರೂ ಹೇಳಿರ್ಲಿಲ್ಲ."

ನಗಲಿಲ್ಲ. ಕೋಟು ತೆಗೆದುಕೊಂಡು ಹೋದರು. ಹೊಲಿಯಲು ಕೊಟ್ಟಿದ್ದ ಪ್ಯಾಂಟಿನ ಬಟ್ಟೆಯನ್ನೂ ಜೊತೆಗೇ ಒಯ್ದರು.

ಈಗ ಆ ಮನೆಯಲ್ಲಿ ಬಕೆಟ್ಟಿನ ಪಕ್ಕ ಒಂದು ಹಳೆಯ ಡಬ್ಬವಿದೆ, ಓಣಿಯಿಂದ ದೂರ, ಬೆಳಕಿನಲ್ಲಿ. ಸೂಜಿಗೆ ಪುಟ್ಟ ಡಬ್ಬಿಯಿದೆ. ಟೈಲರ್ ತಾನೇ ಚಿಂದಿ ಗುಡಿಸಿ ಒಣಕ್ಕೆ ಹಾಕುತ್ತಾನೆ. ಅತ್ತೆ ಮಾತ್ರ ಈರುಳ್ಳಿ ಸಿಪ್ಪೆಯನ್ನು ಹಸಿಗೆ ಹಾಕುವಾಗ ಪ್ರತಿ ಸಲವೂ, "ನನಗೇನೋ ಒಣ ಅಂತಲೇ ಕಾಣುತ್ತಪ್ಪ," ಎನ್ನುತ್ತಾಳೆ. ಆದರೂ ಹಸಿಗೇ ಹಾಕುತ್ತಾಳೆ.

ನಿಮ್ಮ ಮನೆಯಲ್ಲೂ ಒಂದೇ ಬುಟ್ಟಿ ಇದ್ದರೆ, ಇವತ್ತೇ ಇನ್ನೊಂದನ್ನು ಇಡಿ. ಹೊಸದೇ ಆಗಬೇಕಿಲ್ಲ. ಎರಡೂ ಒಂದೇ ಥರ ಇರದಿದ್ದರೆ ಸಾಕು. ಗೊಂದಲವಾಗುತ್ತದೆ, ಎಲ್ಲರಿಗೂ ಆಗುತ್ತದೆ. ನಾಚಿಕೊಳ್ಳದೆ ಕೇಳಿ. ಗಾಡಿಯವರನ್ನು ಕೇಳಿ, ಪಕ್ಕದ ಮನೆಯವರನ್ನು ಕೇಳಿ. ಕೇಳುವುದಕ್ಕೆ ಏನೂ ಖರ್ಚಿಲ್ಲ. ಟೈಲರ್ ಮನೆಯವರು ಕೇಳುವಷ್ಟರಲ್ಲಿ ಹೋದದ್ದು ಇಷ್ಟು: ಎರಡು ತೋಳು, ಒಂದು ಕಾಲರ್, ಒಬ್ಬ ಗಿರಾಕಿ.